ಆಲೆಮನೆ ಹೊಗೆಯೋ, ರಸ್ತೆ ಧೂಳೋ?

ಗಾಳಿ ಹೀರುವ ಉಪಕರಣ ನಿಮಿಷಕ್ಕೆ 16.7 ಲೀಟರ್‌ನಂತೆ ಎಳೆದರೆ ದಿನಕ್ಕೆ ಸುಮಾರು 24 ಘನ ಮೀಟರ್ ಗಾಳಿ ಫಿಲ್ಟರ್ ಹಾದುಹೋಗುತ್ತದೆ. ಮಂಡ್ಯದಲ್ಲಿ ಒಂದು ದಿನ ಪಿಎಂ 2.5, ಅಂದರೆ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳ ಪ್ರಮಾಣ, ಘನ ಮೀಟರ್ ಗಾಳಿಗೆ 50 ಮೈಕ್ರೋಗ್ರಾಂ ಇತ್ತು ಎನ್ನಿ. 47 ಮಿ.ಮೀ. ಅಗಲದ ಫಿಲ್ಟರ್ ಬಿಲ್ಲೆಯ ಮೇಲೆ ಕೂತದ್ದು ಬರೀ 1.2 ಮಿಲಿಗ್ರಾಂ ಮಸಿ. ಭಾರತದ ದಿನದ ಮಿತಿ 60, ಹಾಗಾಗಿ ಪಾಸು. ವಿಶ್ವ ಆರೋಗ್ಯ ಸಂಸ್ಥೆಯ 15ಕ್ಕೆ ಹೋಲಿಸಿದರೆ ನಪಾಸು. ಆದರೆ ಆ ಮಸಿ ಆಲೆಮನೆಯದೋ, ಲಾರಿಯದೋ, ಮಣ್ಣಿನದೋ? ತೂಕ ಅದನ್ನು ಹೇಳುವುದಿಲ್ಲ.

ಮಣ್ಣಿನ ಧೂಳಿನಲ್ಲಿ ಸಿಲಿಕಾನ್, ಅಲ್ಯೂಮಿನಿಯಂ, ಕಬ್ಬಿಣ ಇರುತ್ತವೆ. ಡೀಸೆಲ್ ಹೊಗೆಯಲ್ಲಿ ಕಪ್ಪು ಇಂಗಾಲ ಹೆಚ್ಚು. ಒಲೆಗೆ ಹಳೆ ಟೈರ್ ಬಿದ್ದಿದ್ದರೆ ಸತು ಏರುತ್ತದೆ. ಕಬ್ಬಿನ ಸಿಪ್ಪೆ, ತರಗು ಉರಿದರೆ ಪೊಟ್ಯಾಸಿಯಂ.

ಎಡವುವುದು ಈ ಪೊಟ್ಯಾಸಿಯಂನಲ್ಲೇ. ಅದು ಮಣ್ಣಿನಲ್ಲೂ ಇದೆ. ಹೊಗೆಯದು ನೀರಿನಲ್ಲಿ ಕರಗುತ್ತದೆ, ಮಣ್ಣಿನ ಖನಿಜದೊಳಗಿನದು ಬಹುಪಾಲು ಕರಗದು. ಆದ್ದರಿಂದ ಮೊದಲು ಎಕ್ಸ್-ರೇಯಲ್ಲಿ ಒಟ್ಟು ಧಾತುಗಳನ್ನು ಅಳೆದು, ಆಮೇಲೆ ಬಿಲ್ಲೆಯನ್ನು ಶುದ್ಧ ನೀರಿನಲ್ಲಿ ಮುಳುಗಿಸಿ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಅಲುಗಿಸಬೇಕು. ಬಿಲ್ಲೆ ಟೆಫ್ಲಾನ್‌ನದಾದರೆ ಅದಕ್ಕೆ ನೀರು ಹಿಡಿಯದು. ಮುಂಚೆ ಒಂದೆರಡು ಹನಿ ಆಲ್ಕೋಹಾಲ್ ಹಾಕಿ ನೆನೆಸದಿದ್ದರೆ ಲೆಕ್ಕ ಕಡಿಮೆ ಬರುತ್ತದೆ. ದೀಪಾವಳಿ ವಾರದ ಬಿಲ್ಲೆಯನ್ನಂತೂ ನಂಬಬೇಡಿ: ಪಟಾಕಿ ಮದ್ದಿನಲ್ಲೂ ಪೊಟ್ಯಾಸಿಯಂ ನೈಟ್ರೇಟ್ ಇದೆ. ಜೊತೆಗೆ ಬೇರಿಯಂ, ಸ್ಟ್ರಾನ್ಷಿಯಂ ಏರಿದ್ದರೆ ತಪ್ಪು ಕಬ್ಬಿನದಲ್ಲ.

ಇನ್ನೊಂದು ಪಾಲು ಯಾವ ಹೊಗೆಕೊಳವೆಯಿಂದಲೂ ಕಣವಾಗಿ ಹೊರಬಂದಿದ್ದಲ್ಲ. ಯೂರಿಯಾ ಚೆಲ್ಲಿದ ಗದ್ದೆ, ಕೊಟ್ಟಿಗೆಗಳಿಂದ ಏಳುವ ಅಮೋನಿಯಾ, ವಾಹನದ ಹೊಗೆಯಿಂದಾದ ನೈಟ್ರಿಕ್ ಆಮ್ಲ ಗಾಳಿಯಲ್ಲೇ ಕೂಡಿ ಅಮೋನಿಯಂ ನೈಟ್ರೇಟ್ ಆಗುತ್ತವೆ. ಧನುರ್ಮಾಸದ ತಂಪು ಮುಂಜಾವಿನಲ್ಲಿ ಇದು ಕಣವಾಗಿ ನಿಲ್ಲುತ್ತದೆ, ಮಧ್ಯಾಹ್ನದ ಬಿಸಿಲಿಗೆ ಫಿಲ್ಟರ್ ಮೇಲಿಂದಲೇ ಆವಿಯಾಗಿ ಹಾರುತ್ತದೆ. ಆ ಫಿಲ್ಟರ್‌ನ ಹಿಂಬದಿಗೆ ಒಂದು ನೈಲಾನ್ ಬಿಲ್ಲೆ ಇಟ್ಟು ಹಾರಿದ್ದನ್ನು ಹಿಡಿಯಬೇಕು. ತೆಗೆದ ಬಿಲ್ಲೆಯನ್ನು ತಣ್ಣನೆಯ ಪೆಟ್ಟಿಗೆಯಲ್ಲೇ ಸಾಗಿಸಬೇಕು. ಮೈಸೂರಿನ ಪ್ರಯೋಗಾಲಯಕ್ಕೆ ಬಸ್ಸಿನ ಬಿಸಿಯಲ್ಲಿ ಹೋದರೆ ಅರ್ಧ ಸಾಕ್ಷಿ ದಾರಿಯಲ್ಲೇ ಹೋಗಬಹುದು.

ಸಸ್ಯ ಸುಟ್ಟಾಗ ಹುಟ್ಟುವ ಲೀವೋಗ್ಲುಕೋಸಾನ್ ಎಂಬ ಸಕ್ಕರೆ ಪೊಟ್ಯಾಸಿಯಂಗಿಂತ ಗಟ್ಟಿ ಗುರುತು. ಆದರೆ ಆಲೆಮನೆ ಒಲೆಗೂ ನೀರು ಕಾಯಿಸುವ ಹಂಡೆಯೊಲೆಗೂ ಅದು ಒಂದೇ. ಅಲ್ಲಿ ಗಾಳಿಯ ದಿಕ್ಕನ್ನೇ ಕೇಳಬೇಕು: ಆಲೆಮನೆಗಳಿಗೆ ಗಾಳಿ ಬರುವ ಬದಿಗೊಂದು, ಹೋಗುವ ಬದಿಗೊಂದು ಉಪಕರಣ ಇಟ್ಟು ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿಯುವುದು ಅವುಗಳ ಪಾಲು.