ಜೀಪಿನ ಹೊರಗೆ ಹೈಲಿಫ್ಟ್ ಜಾಕ್: ಎಲ್ಲಿ ಕಟ್ಟಬೇಕು, ಯಾಕೆ?

ಹೈಲಿಫ್ಟ್ ಜಾಕ್ ನೋಡಿದ್ದೀರಲ್ವಾ? ನಾಲ್ಕಡಿ ಉದ್ದದ ಉಕ್ಕಿನ ಕಂಬ, ಅದರ ಉದ್ದಕ್ಕೂ ತೂತು, ಪಕ್ಕದಲ್ಲಿ ಉದ್ದನೆಯ ಹಿಡಿ. ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮ್‌ಫೀಲ್ಡ್ ಎಂಬ ಊರಲ್ಲಿ 1905ರಲ್ಲಿ ಹುಟ್ಟಿದ ಸಾಧನ ಇದು. ಹೊಲದ ಕೆಲಸಕ್ಕೆ ಒಗ್ಗಿದ್ದ ಈ ಜಾಕ್ ಈಗ ಕೆಸರಲ್ಲಿ ಗಾಡಿ ಓಡಿಸುವವರ ಸಂಗಾತಿ. 48 ಇಂಚಿನ ಜಾಕ್ ಸುಮಾರು 13 ಕಿಲೋ ತೂಗುತ್ತದೆ, ಎರಡು ಟನ್ ಎತ್ತುತ್ತದೆ. ಥಾರ್, ಜಿಪ್ಸಿಯಂಥ ಗಾಡಿಯ ಒಳಗೆ ಇದು ಸರಿಯಾಗಿ ಹಿಡಿಸುವುದಿಲ್ಲ.

ಹಿಡಿಸಿದರೂ ಸುಮ್ನೆ ಒಳಗೆ ಮಲಗಿಸಬೇಡಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಗಾಡಿ ಮರಕ್ಕೆ ಗುದ್ದಿ, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಅಂದುಕೊಳ್ಳಿ. ಆಗ ಜಾಕನ್ನು ಇದ್ದಲ್ಲೇ ಹಿಡಿದಿಡಲು ಅದರ ತೂಕದ 14 ಪಟ್ಟು ಬಲ ಬೇಕು. ಅಂದರೆ 180 ಕಿಲೋ ಭಾರ ಹೊರುವಷ್ಟು. ಕಟ್ಟದೆ ಇಟ್ಟ ಜಾಕನ್ನು ಹಿಡಿಯುವುದು ಮುಂದೆ ಕೂತವರ ಬೆನ್ನು, ತಲೆ ಮಾತ್ರ. ಹಾಗಾಗಿ ಹೊರಗೆ ಕಟ್ಟುವುದು ಒಳ್ಳೆಯ ಯೋಚನೆಯೇ. ಆದರೆ ಹೊರಗೆ ಹೋದ ತಕ್ಷಣ ಬೇರೆ ತರಹದ ಲೆಕ್ಕ ಶುರುವಾಗುತ್ತದೆ.

ಗ್ಯಾರೇಜಿನಲ್ಲಿ ಬ್ರಾಕೆಟ್ ಕೂರಿಸಿ, ಜಾಕ್ ಸಿಕ್ಕಿಸಿ, ಕೈಯಲ್ಲಿ ಒಮ್ಮೆ ಜಗ್ಗಿ ನೋಡಿ, ಗಟ್ಟಿ ಇದೆ ಅಂತ ಹೊರಟುಬಿಡುವವರೇ ಜಾಸ್ತಿ. ಆ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ. ನಿಂತ ಗಾಡಿಯಲ್ಲಿ ಜಾಕ್ 13 ಕಿಲೋ, ಅಷ್ಟೇ. ಮಾಂದಲಪಟ್ಟಿ ಕಡೆಯ ಕಲ್ಲು ದಾರಿಯಲ್ಲಿ ಗಾಡಿ ಕುಣಿಯುವಾಗ ಅದೇ ಜಾಕ್ ಒಂದು ಕ್ಷಣ ಮೇಲಕ್ಕೆ ಹಾರಲು ನೋಡುತ್ತದೆ, ಮರುಕ್ಷಣ ಮೂರು ಪಟ್ಟು ಭಾರವಾಗಿ ಬ್ರಾಕೆಟ್ ಮೇಲೆ ಕೂರುತ್ತದೆ. ಕೆಟ್ಟ ರಸ್ತೆಯಲ್ಲಿ ಚಕ್ರ ಮತ್ತು ಆಕ್ಸಲ್ ಸೆಕೆಂಡಿಗೆ 10ರಿಂದ 15 ಸಲ ಅದುರುತ್ತವೆ. ಅದರಲ್ಲಿ ಸ್ವಲ್ಪ ಭಾಗ ಸಸ್ಪೆನ್ಷನ್ ದಾಟಿ ಬಾಡಿಗೆ ಬಂದೇ ಬರುತ್ತದೆ. ಮೂವತ್ತು ಗಂಟೆ ಇಂಥ ದಾರಿಯಲ್ಲಿ ಓಡಿಸಿದರೆ ಬ್ರಾಕೆಟ್ ಹತ್ತು ಲಕ್ಷಕ್ಕೂ ಹೆಚ್ಚು ಸಲ ಬಾಗಿ ನೆಟ್ಟಗಾಗಿರುತ್ತದೆ.

ಒಂದೇ ಸಲಕ್ಕೆ ಮುರಿಯದ ಲೋಹ ಲಕ್ಷ ಸಲ ಬಾಗಿದಾಗ ಮುರಿಯುತ್ತದೆ. 1842ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಬಳಿ ರೈಲು ಎಂಜಿನ್ನಿನ ಆಕ್ಸಲ್ ಹೀಗೇ ಮುರಿದು ದೊಡ್ಡ ಅಪಘಾತ ಆಯಿತು. ಆಮೇಲೆ ಜರ್ಮನಿಯ ರೈಲ್ವೆ ಎಂಜಿನಿಯರ್ ಔಗುಸ್ಟ್ ವೋಲರ್ ವರ್ಷಗಟ್ಟಲೆ ಆಕ್ಸಲ್‌ಗಳನ್ನು ತಿರುಗಿಸಿ ತಿರುಗಿಸಿ ಇದನ್ನು ಅಳೆದರು. ಉಕ್ಕಿಗೆ ಒಂದು ಮಿತಿ ಇದೆ, ಅದಕ್ಕಿಂತ ಕಡಿಮೆ ಹೊರೆ ಬಿದ್ದರೆ ಎಷ್ಟು ಸಲ ಬಾಗಿದರೂ ತಡೆದುಕೊಳ್ಳುತ್ತದೆ. ಅಲ್ಯುಮಿನಿಯಂಗೆ ಅಂಥ ಸ್ಪಷ್ಟ ಮಿತಿಯೇ ಇಲ್ಲ. ನೋಡಲು ಚೆನ್ನಾಗಿರುವ ತೆಳು ಅಲ್ಯುಮಿನಿಯಂ ಬ್ರಾಕೆಟ್ ಬೇಡ ಅಂತ ನಾನು ಹೇಳುವುದು ಇದಕ್ಕೇ. ಇನ್ನೊಂದು ವಿಷಯ ತೂತು. ಎಳೆತಕ್ಕೆ ಸಿಕ್ಕ ತಗಡಿನಲ್ಲಿ ದುಂಡನೆಯ ತೂತು ಇದ್ದರೆ ಅದರ ಅಂಚಿನಲ್ಲಿ ಒತ್ತಡ ಮೂರು ಪಟ್ಟಾಗುತ್ತದೆ, ಇದು 1898ರಿಂದಲೇ ಗೊತ್ತಿರುವ ಲೆಕ್ಕ. ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಸಿಕ್ಕಲ್ಲಿ ಡ್ರಿಲ್ ಹಾಕುವ ಮುಂಚೆ, ಕಂಪನಿಯೇ ಕೊಟ್ಟಿರುವ ಬೋಲ್ಟ್ ಜಾಗ ಬಳಸಲು ಆಗುತ್ತದಾ ನೋಡಿ. ತೂತು ಕೊರೆಯಲೇಬೇಕಾದರೆ ಹಿಂದೆ ದಪ್ಪ ಪಟ್ಟಿ ಕೊಡಿ, ಅಂಚನ್ನು ಅರದಿಂದ ನಯ ಮಾಡಿ, ಬಣ್ಣ ಬಳಿಯಿರಿ.

ನಟ್ಟುಗಳು ಸಡಿಲವಾಗುವುದಕ್ಕೂ ಕಾರಣ ಇದೆ. ಬೋಲ್ಟಿನ ಉದ್ದಕ್ಕೆ ಬೀಳುವ ಏಟಿಗಿಂತ ಅಡ್ಡಕ್ಕೆ ಆಗುವ ಅಲುಗಾಟ ಅದನ್ನು ಬಹಳ ಬೇಗ ಬಿಚ್ಚುತ್ತದೆ ಎಂದು 1969ರಲ್ಲಿ ಗೆರ್ಹಾರ್ಡ್ ಯುಂಕರ್ ತೋರಿಸಿದರು. ಜಾಕ್ ಬ್ರಾಕೆಟ್ಟಿಗೆ ಬೀಳುವುದು ಬಹುಪಾಲು ಈ ಅಡ್ಡ ಅಲುಗಾಟವೇ. ಬರೀ ಸ್ಪ್ರಿಂಗ್ ವಾಷರ್ ನಂಬಬೇಡಿ, ನೈಲಾನ್ ಇರುವ ಲಾಕ್ ನಟ್ ಹಾಕಿ, ಸರಿಯಾದ ಬಿಗಿ ಕೊಡಿ. ಬಿಗಿ ಸಾಲದೆ ಎರಡು ಲೋಹ ಒಂದಕ್ಕೊಂದು ಕೂದಲೆಳೆಯಷ್ಟು ಉಜ್ಜುತ್ತಿದ್ದರೆ ವಾಷರ್ ಸುತ್ತ ನುಣ್ಣನೆಯ ಕೆಂಪು ಪುಡಿ ಕಾಣಿಸುತ್ತದೆ. ಮಲೆನಾಡಿನ ಕೆಮ್ಮಣ್ಣಿನಲ್ಲಿ ಓಡಾಡುವವರು ಇದನ್ನು ಧೂಳು ಅಂದುಕೊಂಡು ಒರೆಸಿಬಿಡುತ್ತಾರೆ. ಗಾಡಿ ತೊಳೆದ ಮೇಲೂ ಎರಡು ದಿನದಲ್ಲಿ ಅದೇ ವಾಷರ್ ಸುತ್ತ ಮಾತ್ರ ಪುಡಿ ಮತ್ತೆ ಬಂತು ಅಂದರೆ ಅದು ಮಣ್ಣಲ್ಲ, ನಿಮ್ಮ ಬ್ರಾಕೆಟ್ಟಿನದೇ ಕಬ್ಬಿಣ.

ಜಾಕನ್ನು ಎರಡು ಕಡೆ ಹಿಡಿಯಬೇಕು. ಆ ಎರಡು ಹಿಡಿತ ನಡುವಿನಲ್ಲಿ ಹತ್ತಿರ ಹತ್ತಿರ ಇದ್ದರೆ ತುದಿಗಳು ಕುಣಿಯುತ್ತವೆ, ತೀರಾ ತುದಿಯಲ್ಲಿದ್ದರೆ ನಡುಭಾಗ ಕುಣಿಯುತ್ತದೆ. ಒಂದೇ ಸಮನಾದ ಸರಳನ್ನು ಪ್ರತಿ ತುದಿಯಿಂದ ಐದನೇ ಒಂದು ಭಾಗದಷ್ಟು ಒಳಗೆ ಹಿಡಿದರೆ ಬಾಗುವುದು ಬಹಳ ಕಡಿಮೆ. 48 ಇಂಚಿನ ಜಾಕಿಗೆ ಇದು ಸುಮಾರು 25 ಸೆಂ.ಮೀ. ಎತ್ತುವ ಯಂತ್ರವೇ ಭಾರದ ಭಾಗ, ಹಾಗಾಗಿ ಅದನ್ನು ಒಂದು ಬ್ರಾಕೆಟ್ಟಿಗೆ ತಾಗುವಂತೆ ಸರಿಸಿ ನಿಲ್ಲಿಸಿ. ಹಿಡಿಯನ್ನು ಕಂಬಕ್ಕೆ ರಬ್ಬರ್ ಪಟ್ಟಿಯಲ್ಲಿ ಬಿಗಿದು ಕಟ್ಟಿ. ಇಲ್ಲದಿದ್ದರೆ ದಾರಿಯುದ್ದಕ್ಕೂ ಕಟಕಟ ಸದ್ದು, ಜೊತೆಗೆ ಸವೆತ.

ಸರಿ, ಎಲ್ಲಿ ಕಟ್ಟುವುದು? ಮೇಲಿನ ಕ್ಯಾರಿಯರ್ ಬಗ್ಗೆ ಜನ ಹೆದರುವುದು ಗಾಡಿ ಪಲ್ಟಿ ಆಗುತ್ತದೆ ಅಂತ. ಲೆಕ್ಕ ಹಾಕಿ ನೋಡಿದರೆ 1750 ಕಿಲೋ ಗಾಡಿಯ ಮೇಲೆ 13 ಕಿಲೋ ಇಟ್ಟಾಗ ಗುರುತ್ವ ಕೇಂದ್ರ ಏರುವುದು ಸುಮಾರು ಒಂದು ಸೆಂ.ಮೀ. ಮಾತ್ರ. ಜಾಕ್ ಜೊತೆ ಡೀಸೆಲ್ ಕ್ಯಾನು, ಸ್ಟೆಪ್ನಿ, ಟೆಂಟು ಎಲ್ಲ ಸೇರಿ 100 ಕಿಲೋ ಆದರೆ ಏಳು ಸೆಂ.ಮೀ. ದಾಟುತ್ತದೆ, ಆಗ ಇಳಿಜಾರಿನಲ್ಲಿ ಅಡ್ಡ ವಾಲಿದಾಗ ಗೊತ್ತಾಗುತ್ತದೆ. ನನಗೆ ಅದಕ್ಕಿಂತ ದೊಡ್ಡ ತೊಂದರೆ ಅನ್ನಿಸುವುದು ಬೇರೆ. ಮಳೆಯಲ್ಲಿ, ಒದ್ದೆ ಕೈಯಲ್ಲಿ, ಜಾರುವ ಮಣ್ಣಲ್ಲಿ ನಿಂತು 13 ಕಿಲೋ ಕಬ್ಬಿಣವನ್ನು ತಲೆಗಿಂತ ಮೇಲಿನಿಂದ ಇಳಿಸಬೇಕು.

ಹಿಂದಿನ ಬಾಗಿಲು ಎಲ್ಲರಿಗೂ ಇಷ್ಟದ ಜಾಗ. ಅಲ್ಲಿ ಮೊದಲೇ ಸ್ಟೆಪ್ನಿ ನೇತಾಡುತ್ತಿರುತ್ತದೆ. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಗೊತ್ತಲ್ಲ, ಸ್ಟೆಪ್ನಿಯ ಆಚೆ ಬದಿಗೆ ಜಾಕ್ ಕಟ್ಟಿದರೆ ಬಾಗಿಲಿನ ಕೀಲು ಕೈ ಚಾಚಿ ಹಿಡಿದಂತೆಯೇ. ಅಲ್ಲೇ ಕಟ್ಟಬೇಕೆಂದರೆ ಚಾಸಿಗೆ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿಗೆ, ಜೋಡಿಸಿದ ಬೇರೆ ಟೈರ್ ಕ್ಯಾರಿಯರ್ ಹಾಕಿಸಿ. ಹಿಂಬದಿಯ ಇನ್ನೊಂದು ಕಷ್ಟ ಧೂಳು. ಗಾಡಿ ಮುಂದೆ ಹೋದಂತೆ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಚಕ್ರ ಎಬ್ಬಿಸಿದ ಧೂಳು ಸುತ್ತಿ ಬಂದು ಅಲ್ಲೇ ಮೆತ್ತಿಕೊಳ್ಳುತ್ತದೆ.

ಈ ಧೂಳು ಬರೀ ಕೊಳೆ ಅಲ್ಲ, ಅಪಾಯ. ಜಾಕ್ ಮೇಲೇರುವುದು ಎರಡು ಪಿನ್ನುಗಳಿಂದ. ಒಂದು ತೂತಿನಲ್ಲಿ ಕೂತು ಭಾರ ಹೊತ್ತಾಗ ಇನ್ನೊಂದು ಮೇಲಿನ ತೂತಿಗೆ ಹೋಗುತ್ತದೆ. ಪಿನ್ನನ್ನು ಒಳಗೆ ತಳ್ಳುವುದು ಸಣ್ಣ ಸ್ಪ್ರಿಂಗ್. ಕೆಸರು ಒಣಗಿ ಗಟ್ಟಿಯಾದರೆ ಪಿನ್ನು ಅರ್ಧ ಮಾತ್ರ ಕೂರುತ್ತದೆ, ಭಾರ ಜಾರಿದಾಗ ಹಿಡಿ ಸಿಡಿದು ನೇರ ಗದ್ದಕ್ಕೆ ಬಡಿಯುತ್ತದೆ. ಗ್ರೀಸ್ ಬಳಿಯಬೇಡಿ, ಅದು ಮಣ್ಣನ್ನು ಹಿಡಿದುಕೊಳ್ಳುತ್ತದೆ. ನೀರಲ್ಲಿ ತೊಳೆದು ಒಣಗಿಸಿ ಸಿಲಿಕೋನ್ ಸ್ಪ್ರೇ ಹೊಡೆದು, ಯಂತ್ರದ ಭಾಗಕ್ಕೆ ಒಂದು ಕವರ್ ಹಾಕಿ.

ಬಾನೆಟ್ ಬರೀ ತೆಳು ತಗಡು, ನೋಟಕ್ಕೂ ಅಡ್ಡ. ನನ್ನ ಮತ ಪಕ್ಕದ ರೋಲ್ ಬಾರಿಗೆ (ಗಾಡಿ ಪಲ್ಟಿಯಾದಾಗ ಒಳಗಿದ್ದವರನ್ನು ಕಾಯುವ ಉಕ್ಕಿನ ಕೊಳವೆ) ಅಥವಾ ಚಾಸಿಗೆ ಜೋಡಿಸಿದ ಉಕ್ಕಿನ ಹಿಂಬಂಪರಿಗೆ. ಸೊಂಟದ ಎತ್ತರ, ಗಾಡಿಯ ಮೂಳೆಗೆ ಹತ್ತಿರ. ಜಾಕಿನ ಯಾವ ಮೂಲೆಯೂ ಬಾಡಿಯ ಆಚೆ ಚಾಚಿರಬಾರದು, ನಮ್ಮ ರಸ್ತೆಯಲ್ಲಿ ಬೈಕಿನವರು ಅಂಗೈ ಅಗಲದಲ್ಲಿ ಪಕ್ಕದಲ್ಲೇ ಹೋಗುತ್ತಾರೆ. ನಂಬರ್ ಪ್ಲೇಟ್, ಲೈಟ್ ಮುಚ್ಚಬಾರದು. ಗಾಡಿಯ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. 2017ರ ಡಿಸೆಂಬರಿನಲ್ಲಿ ಬುಲ್ ಬಾರ್‌ಗಳ (ಮುಂದಿನ ಬಂಪರಿಗೆ ಹಾಕಿಸುವ ಲೋಹದ ಗಾರ್ಡ್) ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದದ್ದೂ ಇದರಡಿಯಲ್ಲೇ.

ಕಟ್ಟಿದ ಮೇಲೆ ಪ್ರತಿ ನಟ್ಟಿನಿಂದ ಬ್ರಾಕೆಟ್ಟಿನವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಪ್ರತಿ ಸಲ ಕಾಡು ದಾರಿ ಮುಗಿಸಿ ಟಾರ್ ರಸ್ತೆಗೆ ಬಂದಾಗ ಟೈರಿನ ಗಾಳಿ ನೋಡುವ ಹೊತ್ತಿಗೇ ಆ ಗೆರೆಗಳನ್ನೂ ನೋಡಿ. ಗೆರೆ ತುಂಡಾಗಿ ಸರಿದಿದ್ದರೆ ಸದ್ಯಕ್ಕೆ ಬಿಗಿ ಮಾಡಿ, ಊರಿಗೆ ಬಂದ ಮೇಲೆ ಆ ಲಾಕ್ ನಟ್ಟನ್ನೇ ಬದಲಾಯಿಸಿ. ನೈಲಾನ್ ಸವೆದ ನಟ್ಟು ಎಷ್ಟು ಬಿಗಿ ಮಾಡಿದರೂ ಮತ್ತೆ ತಿರುಗುತ್ತದೆ.