ಹಳೇ ಪಿಸಿಗೆ ಹೇಳಬೇಕಾದ ಸುಳ್ಳು

ಎಂಬತ್ತರ ದಶಕದ ಪರ್ಸನಲ್ ಕಂಪ್ಯೂಟರುಗಳು ಗಟ್ಟಿ ಜೀವ. ಮದರ್‌ಬೋರ್ಡ್, ಕೀಬೋರ್ಡ್, ಕೊನೆಗೆ ಫ್ಲಾಪಿ ಡ್ರೈವ್ ಕೂಡ ಸ್ವಲ್ಪ ಉಪಚಾರ ಮಾಡಿದರೆ ಇವತ್ತಿಗೂ ಎದ್ದು ಕೂರುತ್ತವೆ. ಹಾರ್ಡ್ ಡ್ರೈವ್ ಮಾತ್ರ ಹಾಗಲ್ಲ. ಅದು ತಿರುಗುವ ಯಂತ್ರ. ಐಬಿಎಂ ಕಂಪನಿ 1983ರಲ್ಲಿ ಬಿಟ್ಟ ಪಿಸಿ ಎಕ್ಸ್‌ಟಿಯೊಳಗೆ 10 ಮೆಗಾಬೈಟಿನ ಡ್ರೈವ್ ಇತ್ತು. ಅದು ನಿಮಿಷಕ್ಕೆ 3600 ಸುತ್ತು ಹಾಕುತ್ತಿತ್ತು, ಅಂದರೆ ಸೆಕೆಂಡಿಗೆ 60. ಓದಲಿ ಬಿಡಲಿ, ಕಂಪ್ಯೂಟರ್ ಆನ್ ಇದ್ದಷ್ಟು ಹೊತ್ತೂ ಸುತ್ತುತ್ತಲೇ ಇರಬೇಕು. ನಲವತ್ತು ವರ್ಷ ಆದ ಮೇಲೆ ಬೇರಿಂಗ್ ಕಿರುಚಿದರೆ ಆಶ್ಚರ್ಯ ಏನಿದೆ?

ಆದರೆ ಎಲ್ಲ ಡ್ರೈವುಗಳೂ ಬೇರಿಂಗ್ ಹೋಗಿ ಸಾಯುವುದಿಲ್ಲ. ವಿದ್ಯುತ್ ನಿಂತಾಗ ಓದುವ ಹೆಡ್, ಡೇಟಾ ಇರುವ ತಿರುಗುವ ತಟ್ಟೆಯ ಮೇಲೆಯೇ ಇಳಿದು ಕೂರುವ ವಿನ್ಯಾಸ ಅಂದಿನದು. ತಟ್ಟೆಯ ಮೇಲೊಂದು ತೆಳುವಾದ ಜಾರು ಲೇಪನ ಇರುತ್ತದೆ. ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಹೆಡ್ ಅದಕ್ಕೆ ಅಂಟಿಕೊಳ್ಳುತ್ತದೆ. ಮೋಟರ್ ಎಳೆದರೂ ತಟ್ಟೆ ಅಲ್ಲಾಡುವುದಿಲ್ಲ. ಇನ್ನು ತೊಂಬತ್ತರ ದಶಕದ ಕೆಲವು ಡ್ರೈವುಗಳಲ್ಲಿ, ಹೆಡ್ಡಿನ ತೋಳು ಬಂದು ತಾಗುವ ಪುಟ್ಟ ರಬ್ಬರ್ ತುಂಡು ಹಳತಾಗಿ ಅಂಟಂಟು ಆಗಿಬಿಡುತ್ತದೆ. ತೋಳು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಡೇಟಾ ಅಷ್ಟೂ ಸರಿಯಾಗಿಯೇ ಇರುತ್ತದೆ. ತಡೆದಿರುವುದು ಕಡಲೆಕಾಳಿನಷ್ಟು ರಬ್ಬರ್.

ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸುವುದು ಇನ್ನೊಂದು ಕಾಯಿಲೆ. ಅದರಲ್ಲಿ ಯಾವ ಭಾಗವೂ ಕೆಟ್ಟಿರುವುದಿಲ್ಲ. ಅಗ್ಗದ ಹಳೇ ಡ್ರೈವುಗಳಲ್ಲಿ ಹೆಡ್ ಸರಿಸುವುದು ಸ್ಟೆಪ್ಪರ್ ಮೋಟರ್. ಕತ್ತಲಲ್ಲಿ ಮೆಟ್ಟಿಲು ಎಣಿಸಿಕೊಂಡು ಇಳಿಯುವವರ ಹಾಗೆ ಅದು ಹೆಜ್ಜೆ ಎಣಿಸುತ್ತದೆ ಅಷ್ಟೇ. 200ನೇ ಟ್ರ್ಯಾಕ್ (ತಟ್ಟೆಯ ಮೇಲೆ ಡೇಟಾ ಬರೆದಿರುವ ವೃತ್ತ) ಬೇಕು ಅಂದರೆ 200 ಹೆಜ್ಜೆ ಇಟ್ಟು, ಇದೇ ಇರಬೇಕು ಅಂದುಕೊಂಡು ಓದುತ್ತದೆ. ಟ್ರ್ಯಾಕಿನ ನಡುವೆ ಸರಿಯಾಗಿ ನಿಂತಿದ್ದೇನಾ ಅಂತ ನೋಡಿಕೊಳ್ಳುವ ವ್ಯವಸ್ಥೆ ಇಲ್ಲ. ತಟ್ಟೆಗೆ ಬಳಸುತ್ತಿದ್ದ ಅಲ್ಯುಮಿನಿಯಂ ಪ್ರತಿ ಡಿಗ್ರಿ ಬಿಸಿಗೆ ಹತ್ತು ಲಕ್ಷದಲ್ಲಿ ಸುಮಾರು 23 ಭಾಗದಷ್ಟು ಹಿಗ್ಗುತ್ತದೆ. ಕೇಳಲು ಏನೂ ಅಲ್ಲ. ಆದರೆ ಟ್ರ್ಯಾಕುಗಳು ಕೂದಲೆಳೆಯ ಅಂತರದಲ್ಲಿ ಇರುವಾಗ ಅದೇ ದೊಡ್ಡ ದೂರ. ಜೊತೆಗೆ ವರ್ಷಗಳ ಸವೆತ ಬೇರೆ. ಬರೆದ ಜಾಗ ಒಂದು, ಈಗ ಹೆಡ್ ನಿಲ್ಲುವ ಜಾಗ ಇನ್ನೊಂದು. ಅದಕ್ಕೇ ಇಂಥ ಡ್ರೈವ್ ಬೆಳಿಗ್ಗೆ ಓದಲ್ಲ ಅಂತ ಹಟ ಹಿಡಿದು, ಅರ್ಧ ಗಂಟೆ ಬಿಸಿಯಾದ ಮೇಲೆ ಸುಮ್ನೆ ಓದಲು ಶುರು ಮಾಡುತ್ತದೆ.

ಇದಕ್ಕೆ ಮದ್ದು ಲೋ ಲೆವೆಲ್ ಫಾರ್ಮ್ಯಾಟ್. ಹೆಡ್ ಈಗ ಎಲ್ಲಿ ನಿಲ್ಲುತ್ತದೋ ಅಲ್ಲೇ ಹೊಸದಾಗಿ ಸೆಕ್ಟರ್ (ಟ್ರ್ಯಾಕಿನ ಸಣ್ಣ ತುಂಡು) ಗುರುತುಗಳನ್ನು ಬರೆಯುವುದು. ಡ್ರೈವ್ ಮತ್ತೆ ಚುರುಕಾಗುತ್ತದೆ. ಆದರೆ ಅದರಲ್ಲಿ ಇದ್ದದ್ದೆಲ್ಲ ಹೋಗುತ್ತದೆ. ಹಾಗಾಗಿ ಮೊದಲು ಕಾಪಿ, ಆಮೇಲೆ ಮದ್ದು.

ಕಾಪಿ ಮಾಡುವಾಗಲೂ ಒಂದು ಎಚ್ಚರ ಬೇಕು. ಆ ಕಾಲದ ಡ್ರೈವಿಗೆ ಸ್ವಂತ ಬುದ್ಧಿ ಇರಲಿಲ್ಲ. ತಟ್ಟೆಯಿಂದ ಬಂದ ಸಂಕೇತವನ್ನು ಬಿಟ್ಟುಗಳಾಗಿ ಬಿಡಿಸುವುದು ಕಂಪ್ಯೂಟರಿನೊಳಗಿನ ಕಂಟ್ರೋಲರ್ ಕಾರ್ಡು. ಒಂದೊಂದು ಕಂಪನಿಯ ಕಾರ್ಡು ಒಂದೊಂದು ರೀತಿ ಬರೆಯುತ್ತಿತ್ತು. ಡ್ರೈವನ್ನು ಕಳಚಿ ಬೇರೆ ಮಾದರಿಯ ಕಾರ್ಡಿಗೆ ಹಾಕಿದರೆ ಸಾಮಾನ್ಯವಾಗಿ ಓದಲು ಬರುವುದಿಲ್ಲ. ಹೀಗಾಗಿ ಡ್ರೈವಿನಷ್ಟೇ ಆ ಕಾರ್ಡನ್ನೂ ಜೋಪಾನ ಮಾಡಬೇಕು. ನಂತರ ಬಂದ, ಕಂಟ್ರೋಲರ್ ಒಳಗೇ ಇರುವ ಐಡಿಇ ಡ್ರೈವ್ ಆದರೆ ಕೆಲಸ ಸುಲಭ. ಅಡಾಪ್ಟರ್ ಮೂಲಕ ಹೊಸ ಕಂಪ್ಯೂಟರಿಗೆ ಹಾಕಿ, ಗ್ನೂ ಡಿಡಿರೆಸ್ಕ್ಯೂ ಥರದ ಪ್ರೋಗ್ರಾಂ ಓಡಿಸಬಹುದು. ಅದು ಸುಲಭಕ್ಕೆ ಸಿಗುವ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳಿಗೆ ಆಮೇಲೆ ಮರಳುತ್ತದೆ. ಸಾಯುತ್ತಿರುವ ಡ್ರೈವಿಗೆ ಇದೇ ಸರಿಯಾದ ಕ್ರಮ. ಡ್ರೈವನ್ನು ಫ್ರೀಜರಿನಲ್ಲಿ ಇಡುವ ಸಲಹೆ ಕಿವಿಗೆ ಬಿದ್ದರೆ ಅಲ್ಲೇ ಬಿಟ್ಟುಬಿಡಿ. ಹೊರಗೆ ತೆಗೆದಾಗ ತಟ್ಟೆಯ ಮೇಲೆ ತೇವ ಕೂರುತ್ತದೆ.

ಕಾಪಿ ಸಿಕ್ಕಿತು ಅಂದುಕೊಳ್ಳೋಣ. ಈಗ ಬದಲಿಗೆ ಏನು ಹಾಕುವುದು? ಅಷ್ಟೇ ವಯಸ್ಸಿನ ಇನ್ನೊಂದು ಡ್ರೈವ್ ಹುಡುಕುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಅದಕ್ಕೂ ಅದೇ ಕಾಯಿಲೆ ಬರಬೇಕಲ್ವಾ? ತಿರುಗದ ವಸ್ತು ಬೇಕು. ತೊಂದರೆ ಏನಂದರೆ, ಹಳೇ ಪಿಸಿಗೆ ಡಿಸ್ಕ್ ಅಂದರೆ ತಿರುಗುವ ತಟ್ಟೆಯೇ. ಅದು "ಇಂಥ ಸಿಲಿಂಡರ್, ಇಂಥ ಹೆಡ್, ಇಂಥ ಸೆಕ್ಟರ್ ಕೊಡು" ಅಂತಲೇ ಕೇಳುತ್ತದೆ. ಸಿಲಿಂಡರ್ ಅಂದರೆ ಎಲ್ಲ ತಟ್ಟೆಗಳಲ್ಲೂ ಒಂದೇ ಸ್ಥಾನದಲ್ಲಿರುವ ಟ್ರ್ಯಾಕುಗಳ ಗುಂಪು. ಎಕ್ಸ್‌ಟಿ ಕಾಲದಲ್ಲಿ ಇದು ನಿಜವಾದ ವಿಳಾಸ. ಅದರಲ್ಲಿ ಬಳಸಿದ ಸೀಗೇಟ್ ಎಸ್‌ಟಿ-412 ಡ್ರೈವಿನಲ್ಲಿ 306 ಸಿಲಿಂಡರ್, 4 ಹೆಡ್, ಟ್ರ್ಯಾಕಿಗೆ 17 ಸೆಕ್ಟರ್ ಇದ್ದವು. ಒಂದು ಸೆಕ್ಟರಿಗೆ 512 ಬೈಟ್. ಗುಣಿಸಿದರೆ 1,06,53,696 ಬೈಟ್. ಅದೇ ಆ 10 ಮೆಗಾಬೈಟ್.

ಐಡಿಇ ಬಂದಾಗ ಕಂಟ್ರೋಲರಿನ ಬುದ್ಧಿ ಡ್ರೈವಿನೊಳಗೇ ಸೇರಿತು. ಅಲ್ಲಿಂದ ಸುಳ್ಳು ಶುರು. ತಟ್ಟೆಯ ಹೊರ ಅಂಚಿನ ಟ್ರ್ಯಾಕ್ ಉದ್ದ, ಒಳಗಿನದು ಗಿಡ್ಡ. ಹೊರಗಡೆ ಜಾಸ್ತಿ ಸೆಕ್ಟರ್ ತುಂಬಿಸಿದರೆ ಜಾಗ ಉಳಿಯುತ್ತದೆ. ಡ್ರೈವ್ ತಯಾರಕರು ಹಾಗೇ ಮಾಡಿದರು. ಆದರೆ ಪಿಸಿಯ ಬಯೋಸ್ (ಆನ್ ಆದ ಕೂಡಲೇ ಓಡುವ ಮೂಲ ಪ್ರೋಗ್ರಾಂ) ಎಲ್ಲ ಟ್ರ್ಯಾಕಿನಲ್ಲೂ ಒಂದೇ ಲೆಕ್ಕದ ಸೆಕ್ಟರ್ ಇದೆ ಅಂತ ನಂಬಿತ್ತು. ಅದರ ನಂಬಿಕೆ ಕೆಡಿಸದೆ ಡ್ರೈವ್ ತನ್ನದೇ ಒಂದು ಕಟ್ಟುಕಥೆ ಹೇಳತೊಡಗಿತು. ಒಳಗೆ ಒಂದೆರಡು ತಟ್ಟೆ ಇಟ್ಟುಕೊಂಡು "ನನಗೆ 16 ಹೆಡ್ ಇವೆ" ಅನ್ನುವುದು. ಹದಿನಾರು ಹೆಡ್ಡಿಗೆ ಎಂಟು ತಟ್ಟೆ ಬೇಕು. ಅಷ್ಟು ತೆಳು ಪೆಟ್ಟಿಗೆಯಲ್ಲಿ ಅವು ಹಿಡಿಸುವುದೇ ಇಲ್ಲ. ಪಿಸಿ ಪಾಪ, ತೆರೆದು ನೋಡುವುದಿಲ್ಲವಲ್ಲ.

ಹೀಗೆ ಡ್ರೈವುಗಳೇ ಸುಳ್ಳು ಹೇಳಿ ಅಭ್ಯಾಸ ಮಾಡಿಸಿದ್ದರಿಂದ ನಮ್ಮ ಕೆಲಸ ಸಲೀಸಾಯಿತು. ಸ್ಯಾನ್‌ಡಿಸ್ಕ್ 1994ರಲ್ಲಿ ಕ್ಯಾಮೆರಾದಂಥ ಉಪಕರಣಗಳಿಗೆಂದು ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡ್ ತಂದಿತು. ಅದಕ್ಕೆ ಐಡಿಇ ಭಾಷೆ ಹುಟ್ಟಿನಿಂದಲೇ ಬರುತ್ತದೆ. ಸಾದಾ ಅಡಾಪ್ಟರ್ ಸಾಕು. ಅದರಲ್ಲಿ ತಂತಿ ದಾರಿಗಳು ಮತ್ತು ಕನೆಕ್ಟರ್ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ತಟ್ಟೆಯೇ ಇಲ್ಲದ ಕಾರ್ಡು ತನ್ನ ಸಿಲಿಂಡರ್, ಹೆಡ್, ಸೆಕ್ಟರ್ ಲೆಕ್ಕವನ್ನು ಗಂಭೀರವಾಗಿ ಒಪ್ಪಿಸುತ್ತದೆ. ಎಸ್‌ಡಿ ಕಾರ್ಡಿಗೆ ಈ ಭಾಷೆ ಬರುವುದಿಲ್ಲ. ನಡುವೆ ಅನುವಾದಕ್ಕೆ ಒಂದು ಚಿಪ್ ಬೇಕು.

ಆದರೆ ದೊಡ್ಡ ಸುಳ್ಳನ್ನು ಹಳೇ ಬಯೋಸ್ ನಂಬುವುದಿಲ್ಲ. ಅದರ ಲೆಕ್ಕದಲ್ಲಿ ಸಿಲಿಂಡರ್ 1024 ದಾಟುವಂತಿಲ್ಲ, ಸೆಕ್ಟರ್ 63 ದಾಟುವಂತಿಲ್ಲ. ಐಡಿಇ ಲೆಕ್ಕದಲ್ಲಿ ಹೆಡ್ 16 ದಾಟುವಂತಿಲ್ಲ. ಎರಡೂ ಕಡೆಯ ಬಿಗಿಯಾದ ಮಿತಿಗಳನ್ನು ಗುಣಿಸಿದರೆ ಸುಮಾರು 52.8 ಕೋಟಿ ಬೈಟ್. ಎಷ್ಟೇ ದೊಡ್ಡ ಕಾರ್ಡ್ ಹಾಕಿದರೂ ತೊಂಬತ್ತರ ದಶಕದ ಆರಂಭದ ಪಿಸಿಗೆ ಅದರಿಂದಾಚೆ ಕಾಣುವುದಿಲ್ಲ. ಐಬಿಎಂ ಎಟಿಯಂಥ 1984ರ ಯಂತ್ರ ಇನ್ನೂ ಹಟಮಾರಿ. ನಮ್ಮ ಸಂಖ್ಯೆಗಳನ್ನು ಅದು ಕೇಳುವುದೇ ಇಲ್ಲ. ತನ್ನ ರೋಮ್ ಅನ್ನುವ, ಬದಲಿಸಲಾಗದ ಮೆಮೊರಿ ಚಿಪ್ಪಿನಲ್ಲಿ ಅಚ್ಚಾದ ಡ್ರೈವ್ ಮಾದರಿಗಳ ಪಟ್ಟಿ ಇಟ್ಟುಕೊಂಡು "ಇದರಲ್ಲಿ ನೀನು ಯಾವುದು ಹೇಳು" ಅನ್ನುತ್ತದೆ.

ಇಲ್ಲಿ ಹವ್ಯಾಸಿಗಳು ಕಂಡುಕೊಂಡ ಉಪಾಯ ನನಗೆ ತುಂಬ ಇಷ್ಟ. ಎಕ್ಸ್‌ಟಿಐಡಿಇ ಯೂನಿವರ್ಸಲ್ ಬಯೋಸ್ ಅನ್ನುವ ಮುಕ್ತ ತಂತ್ರಾಂಶ ಇದೆ. ಅದನ್ನು ಒಂದು ರೋಮ್ ಚಿಪ್‌ಗೆ ಬರೆದು, ಹಳೇ ನೆಟ್‌ವರ್ಕ್ ಕಾರ್ಡಿನಲ್ಲಿ ಖಾಲಿ ಇರುವ ಬೂಟ್ ರೋಮ್ ಸಾಕೆಟ್‌ಗೆ ಚುಚ್ಚುತ್ತಾರೆ. ಕಂಪ್ಯೂಟರ್ ಆನ್ ಆದಾಗ ಕಾರ್ಡುಗಳ ಮೇಲಿನ ರೋಮ್ ಹುಡುಕಿ ಓಡಿಸುವುದು ಪಿಸಿಯ ಹಳೇ ಅಭ್ಯಾಸ. ಡಿಸ್ಕಿನ ಜವಾಬ್ದಾರಿಯನ್ನು ಈ ಹೊಸ ಬಯೋಸ್ ವಹಿಸಿಕೊಳ್ಳುತ್ತದೆ. ಐಡಿಇ ಅನ್ನುವ ಹೆಸರೇ ಕೇಳಿರದ ಎಕ್ಸ್‌ಟಿಗೂ, ಇದೇ ತಂತ್ರಾಂಶ ಇರುವ ಸಣ್ಣದೊಂದು ಐಡಿಇ ಕಾರ್ಡ್ ಹಾಕಿ ಫ್ಲ್ಯಾಶ್ ಜೋಡಿಸಬಹುದು.

ಆಮೇಲೆ ಆ ಕಾಲದ ಆಪರೇಟಿಂಗ್ ಸಿಸ್ಟಮ್ ಆದ ಡಾಸ್‌ಗೂ ಅದರದ್ದೇ ಮಿತಿ. ಎಂಎಸ್-ಡಾಸ್ 3.3 ಒಂದು ಪಾರ್ಟಿಶನ್‌ಗೆ (ಡಿಸ್ಕಿನ ಒಂದು ಪಾಲಿಗೆ) 32 ಮೆಗಾಬೈಟ್ ಮೀರಿ ಕೊಡುವುದಿಲ್ಲ. ಡಾಸ್ 6 ಆದರೆ 2 ಗಿಗಾಬೈಟ್ ತನಕ.

ಪವರ್ ಸಪ್ಲೈ ಕಡೆ ಯಾರ ಗಮನವೂ ಹೋಗುವುದಿಲ್ಲ. ಹಳೇ ಡ್ರೈವಿನ ಮೋಟರ್ 12 ವೋಲ್ಟ್ ದಾರಿಯಲ್ಲಿ ಚೆನ್ನಾಗಿ ಕರೆಂಟ್ ಎಳೆಯುತ್ತಿತ್ತು. ಫ್ಲ್ಯಾಶ್ ಕಾರ್ಡ್ ಅದರ ಹತ್ತಿರವೂ ಹೋಗುವುದಿಲ್ಲ. ಆ ಕಾಲದ ಕೆಲವು ಪವರ್ ಸಪ್ಲೈಗಳು ಹೊರೆ ಇಲ್ಲದಿದ್ದರೆ ಸರಿಯಾಗಿ ಚಾಲೂ ಆಗುವುದೇ ಇಲ್ಲ. ಐಬಿಎಂಗೆ ಇದು ಗೊತ್ತಿತ್ತು. ಹಾರ್ಡ್ ಡ್ರೈವ್ ಇಲ್ಲದೆ ಮಾರಿದ ಎಟಿಗಳಲ್ಲಿ ಡ್ರೈವಿನ ಜಾಗಕ್ಕೆ 5 ಓಮ್, 50 ವ್ಯಾಟಿನ ದಪ್ಪ ರೆಸಿಸ್ಟರ್ ಕೂರಿಸಿತ್ತು. ಸುಮ್ನೆ ಬಿಸಿಯಾಗುವುದೇ ಅದರ ಕೆಲಸ. ಡ್ರೈವ್ ಬದಲಿಸಿದ ಮೇಲೆ ಯಂತ್ರ ಏಳದಿದ್ದರೆ ಕಾರ್ಡನ್ನು ಬೈಯುವ ಮೊದಲು ಇದನ್ನು ನೋಡಿ.

ಹಳೇ ಮ್ಯಾಕಿಂಟಾಷ್‌ಗಳ ಕಥೆ ಬೇರೆ. ಅಲ್ಲಿ ಐಡಿಇ ಬದಲು ಡ್ರೈವ್ ಜೋಡಿಸಲು 50 ಪಿನ್ನಿನ ಸ್ಕಸಿ ಅನ್ನುವ ಬೇರೆ ವ್ಯವಸ್ಥೆ. ಬ್ಲೂಸ್ಕಸಿಯಂಥ ಪುಟ್ಟ ಬೋರ್ಡು ಎಸ್‌ಡಿ ಕಾರ್ಡಿನಲ್ಲಿರುವ ಒಂದು ಫೈಲನ್ನೇ ಇಡೀ ಡ್ರೈವ್ ಅಂತ ತೋರಿಸುತ್ತದೆ. ಆಪಲ್‌ನ ಹಳೇ ಫಾರ್ಮ್ಯಾಟ್ ಪ್ರೋಗ್ರಾಂ ಆಪಲ್ ಮಾರಿದ ಡ್ರೈವ್ ಅಲ್ಲದಿದ್ದರೆ ಮುಟ್ಟುತ್ತಿರಲಿಲ್ಲ. ಹಾಗಾಗಿ ಈ ಬೋರ್ಡಿಗೆ ಹೆಸರಿನ ವಿಷಯದಲ್ಲೂ ಸುಳ್ಳು ಹೇಳಲು ಕಲಿಸಬೇಕಾಗುತ್ತದೆ.

ಫ್ಲ್ಯಾಶ್ ಕೂಡ ಸವೆಯುತ್ತದೆ. ಡಾಸ್ ಬರೆಯುವುದು ಕಡಿಮೆ, ಅದರಿಂದ ಚಿಂತೆ ಇಲ್ಲ. ವಿಂಡೋಸ್ 95 ಹಾಕಿ ಮೆಮೊರಿ ಕಮ್ಮಿ ಕೊಟ್ಟರೆ ಮಾತ್ರ ಅದರ ಬದಲಿಗೆ ಬಳಸುವ ಸ್ವಾಪ್ ಫೈಲ್‌ಗೆ ಬರೆಯುತ್ತಲೇ ಇರುತ್ತದೆ. ಕಾರ್ಡನ್ನು ಹೊರತೆಗೆದು ಹೊಸ ಕಂಪ್ಯೂಟರಿನಲ್ಲಿ ಪೂರ್ತಿ ಇಮೇಜ್ (ಇದ್ದದ್ದನ್ನು ಇದ್ದ ಹಾಗೇ ನಕಲು) ಮಾಡಿಟ್ಟುಕೊಳ್ಳುವುದು ಕೆಲವೇ ನಿಮಿಷದ ಕೆಲಸ. ಬದಲಿ ಕಾರ್ಡ್ ಕೊಳ್ಳುವಾಗ ಅದೇ ಕಂಪನಿಯ ಅದೇ ಮಾದರಿ ತೆಗೆದುಕೊಳ್ಳಿ. ಬೇರೆ ಕಾರ್ಡ್ ಬೇರೆ ಹೆಡ್, ಬೇರೆ ಸೆಕ್ಟರ್ ಲೆಕ್ಕ ಹೇಳಿದರೆ, ಇಮೇಜಿನ ಒಂದೊಂದು ಬಿಟ್ಟೂ ಸರಿ ಇದ್ದರೂ ಪಿಸಿ ಬೂಟ್ ಆಗದೇ ಹೋಗಬಹುದು.