ಕ್ಯಾನ್ ನೀರಿಗೆ ಬಂದು ನಿಂತ ಕೆರೆಸೀಮೆ

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ಬೆಳಿಗ್ಗೆ ಆರಕ್ಕೆಲ್ಲ ಎಕ್ಸೆಲ್ ಗಾಡಿಗಳ ಮೇಲೆ ಖಾಲಿ ಕ್ಯಾನ್‌ಗಳು ಹೊರಡುತ್ತವೆ. ಶುದ್ಧ ನೀರಿನ ಘಟಕದ ಮುಂದೆ ಐದು ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್. ಕಾಯಿನ್ ನುಂಗಿಕೊಂಡು ನೀರು ಬಿಡದ ದಿನ ಪಂಚಾಯಿತಿ ಮೆಂಬರ್‌ಗೆ ಫೋನು. ಅದೇ ಹಳ್ಳಿಯಲ್ಲಿ ಮನೆ ಮುಂದೆ ನಲ್ಲಿ ಇದೆ, ಓವರ್‌ಹೆಡ್ ಟ್ಯಾಂಕ್ ಇದೆ, ಊರಾಚೆ ಕೆರೆಯೂ ಇದೆ. ಕೆಲವು ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದಿದೆ. ಸಕಲೇಶಪುರ ಕಡೆಯಿಂದ ಎತ್ತಿನಹೊಳೆ ನೀರು ಬರುತ್ತದೆ ಅನ್ನುವ ಮಾತಿಗಂತೂ ಹತ್ತು ವರ್ಷ ದಾಟಿತು. ಇಷ್ಟಿದ್ದೂ ಕುಡಿಯುವ ನೀರು ಕ್ಯಾನಿನಲ್ಲೇ ಯಾಕೆ ಬರಬೇಕು ಎಂದರೆ ಒಬ್ಬೊಬ್ಬರು ಒಂದೊಂದು ಯೋಜನೆಯ ಹೆಸರು ಹೇಳುತ್ತಾರೆ. ಅಸಲು ಕಾರಣ ಬೋರ್ ನೀರಿನಲ್ಲಿ ಕರಗಿರುವ, ಹಲ್ಲು ಮೂಳೆ ಕೆಡಿಸುವ ಫ್ಲೋರೈಡ್.

ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಮೂರೂ ಹುಟ್ಟುವುದು ನಂದಿಬೆಟ್ಟದ ಸುತ್ತಮುತ್ತ. ಹುಟ್ಟಿದ ಊರಿನಲ್ಲಿ ಮಾತ್ರ ಅವು ಹರಿಯುವುದಿಲ್ಲ. ವರ್ಷಕ್ಕೆ ಬೀಳುವ ಮಳೆ 700 ಮಿಲಿಮೀಟರ್ ಆಸುಪಾಸು, ಅದೂ ಕೆಲವೇ ವಾರಗಳಲ್ಲಿ. ಅದನ್ನು ಹಿಡಿದಿಟ್ಟುಕೊಳ್ಳಲು ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳನ್ನು ಕಟ್ಟಿದ್ದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆ ತುಂಬುವ ಸರಪಣಿ ಅದು. ಕೆರೆ ಕಟ್ಟಿಸಿದವರಿಗೆ, ಜೀರ್ಣೋದ್ಧಾರ ಮಾಡಿದವರಿಗೆ ಕಟ್ಟುಕೊಡಗಿ ಭೂಮಿ ಸಿಗುತ್ತಿತ್ತು. ತೂಬು ಎತ್ತಿ ಇಳಿಸಿ ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವ ನೀರುಗಂಟಿಗೆ ಸುಗ್ಗಿಯಲ್ಲಿ ಕಾಳಿನ ಪಾಲು ಸಿಗುತ್ತಿತ್ತು. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು. ಜಾತಿಗೆ ಕಟ್ಟಿಹಾಕಿದ್ದ ಆ ಪದ್ಧತಿ ಹೋಗಿದ್ದು ಒಳ್ಳೆಯದೇ. ಆದರೆ ಹುದ್ದೆಯ ಜತೆ ಕೆಲಸವೂ ಹೋಯಿತು. 40 ಹೆಕ್ಟೇರ್‌ಗಿಂತ ದೊಡ್ಡ ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಚಿಕ್ಕದು ಪಂಚಾಯಿತಿ ಕಡೆಗೆ ಎಂದು ಕಡತದಲ್ಲಿ ಹಂಚಿಕೆಯಾಯಿತು. ತೂಬಿನ ಬಳಿ ಯಾರು ನಿಲ್ಲಬೇಕು ಎನ್ನುವುದಕ್ಕೆ ಮಾತ್ರ ಉತ್ತರ ಇರಲಿಲ್ಲ.

ಆಮೇಲೆ ಬೋರ್‌ವೆಲ್ ಬಂತು, ನೀಲಗಿರಿ ಬಂತು, ರಾಜಕಾಲುವೆ ಮುಚ್ಚಿತು, ಕೆರೆಯಲ್ಲಿ ಹೂಳು ತುಂಬಿತು. ಕಪಿಲೆ ಹೊಡೆಯುತ್ತಿದ್ದ ತೆರೆದ ಬಾವಿಗಳು ಒಂದೊಂದಾಗಿ ಬತ್ತಿ ಕಸದ ಗುಂಡಿಗಳಾದವು. ನೂರಿನ್ನೂರು ಅಡಿಗೆ ಸಿಗುತ್ತಿದ್ದ ನೀರು ಸಾವಿರ ಅಡಿ ದಾಟಿತು. ಕೇಂದ್ರ ಅಂತರ್ಜಲ ಮಂಡಳಿ ಕೋಲಾರದ ತಾಲ್ಲೂಕುಗಳನ್ನು ‘ಅತಿ ಬಳಕೆ’ಯ ಪಟ್ಟಿಗೆ ಸೇರಿಸಿತು. ಒಳಗೆ ಇಂಗುವುದಕ್ಕಿಂತ ಹೊರಗೆ ಎತ್ತುವುದೇ ಹೆಚ್ಚು ಎಂದು ಅದರ ಅರ್ಥ.

ಫ್ಲೋರೈಡ್ ಕಥೆ ಶುರುವಾಗುವುದು ಇಲ್ಲಿಂದ. ಇದು ಕಾರ್ಖಾನೆಯಿಂದ ಬಂದ ವಿಷವಲ್ಲ, ಕಾಲ ಕೆಳಗಿನ ಬಂಡೆಯದ್ದೇ. ಇಲ್ಲಿನ ಗ್ರಾನೈಟ್, ನೈಸ್ ಶಿಲೆಗಳ ಖನಿಜಗಳಲ್ಲಿ ಫ್ಲೋರೈಡ್ ಅಡಗಿದೆ. ಮೇಲ್ಪದರದ ಸವೆದ ಕಲ್ಲುಮಣ್ಣಿನಲ್ಲಿ ನಿಂತ ನೀರು ಪ್ರತಿ ಮಳೆಗೂ ಹೊಸದಾಗುತ್ತಿರುತ್ತದೆ. ಆಳದ ಬಿರುಕಿನ ನೀರು ವರ್ಷಾನುಗಟ್ಟಲೆ ಬಂಡೆಗೆ ಅಂಟಿಕೊಂಡೇ ಇರುತ್ತದೆ. ಅಲ್ಲಿ ಕ್ಷಾರ ಏರುತ್ತದೆ, ಕ್ಯಾಲ್ಸಿಯಂ ಸುಣ್ಣವಾಗಿ ಕಲ್ಲಿನ ಮೇಲೆ ಕೂರುತ್ತದೆ. ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಫ್ಲೋರೈಡ್ ನೀರಿಗೆ ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಬೋರ್ ಆಳಕ್ಕೆ ಹೋದಂತೆಲ್ಲ ಈ ಭಾಗದಲ್ಲಿ ಅಪಾಯ ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅದನ್ನು ಮೀರಿದ ನೀರನ್ನು ಹಲ್ಲು ಮೂಡುವ ವಯಸ್ಸಿನ ಮಕ್ಕಳು ಕುಡಿದರೆ ಹಲ್ಲಿನ ಮೇಲೆ ಬಿಳಿ, ಹಳದಿ, ಕಂದು ಪಟ್ಟೆ ಬೀಳುತ್ತದೆ. ಉಜ್ಜಿದರೆ ಅದು ಹೋಗುವುದಿಲ್ಲ. ಇನ್ನೂ ಹೆಚ್ಚಿನ ಪ್ರಮಾಣ ಬಹಳ ವರ್ಷ ಒಳಗೆ ಹೋದರೆ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಕುದಿಸಿದರೆ ಸಾಯಲು ಅದೇನು ಕ್ರಿಮಿಯಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಫ್ಲೋರೈಡ್ ಗಟ್ಟಿಯಾಗುತ್ತದೆ.

ಮೊದಲು ಸಿಕ್ಕ ಮದ್ದು ನಲ್ಗೊಂಡ ವಿಧಾನ. 1970ರ ದಶಕದಲ್ಲಿ ನಾಗಪುರದ ‘ನೀರಿ’ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ರೂಪಿಸಿದ್ದು. ಸ್ಫಟಿಕ, ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿ, ಮೆಲ್ಲಗೆ ಕಲಕಿ, ಒಂದು ಗಂಟೆ ಬಿಟ್ಟು ಮೇಲಿನ ತಿಳಿ ಬಸಿದುಕೊಳ್ಳಬೇಕು. ಅಗ್ಗ, ಸರಳ ಎನಿಸುತ್ತದೆ. ಆದರೆ ನೀರಿನ ಕ್ಷಾರ, ಫ್ಲೋರೈಡ್ ಎರಡನ್ನೂ ಅಳೆಯದೆ ಸ್ಫಟಿಕದ ಪ್ರಮಾಣ ಹೇಳಲಾಗದು. ಕ್ಷಾರ ಹೆಚ್ಚಿದ್ದರೆ ಲೀಟರಿಗೆ ನೂರಾರು ಮಿಲಿಗ್ರಾಂ ಬೇಕು. ಹೆಚ್ಚಾದರೆ ಅಲ್ಯೂಮಿನಿಯಂ ನೀರಿನಲ್ಲೇ ಉಳಿಯುತ್ತದೆ, ರುಚಿ ಕೆಡುತ್ತದೆ. ಕಡಿಮೆಯಾದರೆ ಫ್ಲೋರೈಡ್ ಹೋಗುವುದಿಲ್ಲ. ದಿನಾ ಬಕೆಟ್ ಕಲಕುವ ಕೆಲಸ ಯಾರ ತಲೆಗೆ ಬೀಳುತ್ತದೆ ಎಂಬುದನ್ನು ಯೋಜನೆ ಬರೆದವರು ಯೋಚಿಸಿದಂತಿಲ್ಲ. ಆಮೇಲೆ ಬಂದ ಆಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್‌ನಲ್ಲಿ ಕಲಕುವ ಗೋಳಿಲ್ಲ. ಹರಳಿನ ಪದರದ ಮೂಲಕ ನೀರು ಇಳಿದರೆ ಸಾಕು. ಕೆಲವು ತಿಂಗಳಿಗೆ ಹರಳು ತುಂಬಿಹೋಗುತ್ತದೆ. ಕಾಸ್ಟಿಕ್ ಸೋಡಾದಲ್ಲಿ ತೊಳೆದು, ಆಮ್ಲದಲ್ಲಿ ಹದಕ್ಕೆ ತಂದು ಮತ್ತೆ ತುಂಬಬೇಕು. ತೊಳೆಯುವವರಿಲ್ಲದ ಕಡೆಯೂ ಫಿಲ್ಟರ್‌ನಿಂದ ನೀರೇನೋ ಬರುತ್ತಲೇ ಇರುತ್ತದೆ, ಫ್ಲೋರೈಡ್ ಸಮೇತ. ನೋಟದಲ್ಲಿ, ರುಚಿಯಲ್ಲಿ ವ್ಯತ್ಯಾಸವೇ ಗೊತ್ತಾಗದು.

2010ರ ನಂತರದ ಕಾಲ ಶುದ್ಧ ಕುಡಿಯುವ ನೀರಿನ ಘಟಕದ್ದು. ಜನರ ಬಾಯಲ್ಲಿ ಅದು ‘ಫಿಲ್ಟರ್’. ನೀಲಿ ಬಣ್ಣದ ಒಂದು ಶೆಡ್‌ನೊಳಗೆ ಏನೇನಿದೆ ಎಂದು ನೋಡಿದರೆ ಎಲ್ಲಿ ಕೆಡುತ್ತದೆ ಎನ್ನುವುದೂ ಅರ್ಥವಾಗುತ್ತದೆ. ಬೋರ್ ನೀರು ಮೊದಲು ಸಿಂಟೆಕ್ಸ್ ಟ್ಯಾಂಕಿಗೆ, ಅಲ್ಲಿಂದ ಮರಳಿನ ಫಿಲ್ಟರ್, ಇದ್ದಿಲಿನ ಫಿಲ್ಟರ್, ಆಮೇಲೆ 5 ಮೈಕ್ರಾನ್ ಕಾರ್ಟ್ರಿಡ್ಜ್. ಈ ನಡುವೆ ಒಂದು ಪುಟ್ಟ ಡೋಸಿಂಗ್ ಪಂಪು ಸುಣ್ಣ ಕಟ್ಟದಂತೆ ತಡೆಯುವ ಆ್ಯಂಟಿಸ್ಕೇಲೆಂಟ್ ದ್ರಾವಣವನ್ನು ಹನಿಹನಿಯಾಗಿ ಸೇರಿಸುತ್ತದೆ. ಬಳಿಕ ಹೈಪ್ರೆಷರ್ ಪಂಪು ನೀರನ್ನು ಲವಣ ತಡೆಯುವ ತೆಳು ಪೊರೆಗಳ, ಅಂದರೆ ಆರ್‌ಒ ಮೆಂಬ್ರೇನ್‌ಗಳ ಮೂಲಕ ತಳ್ಳುತ್ತದೆ. ಗಂಟೆಗೆ 1,000 ಲೀಟರ್ ಘಟಕವಾದರೆ ಸಾಮಾನ್ಯವಾಗಿ ನಾಲ್ಕು ಅಂಗುಲದ ನಾಲ್ಕು ಮೆಂಬ್ರೇನ್. ಒಳ್ಳೆಯ ಸ್ಥಿತಿಯಲ್ಲಿದ್ದರೆ ಅವು ಫ್ಲೋರೈಡ್‌ನ ಶೇ 90ಕ್ಕೂ ಹೆಚ್ಚು ಪಾಲನ್ನು ತಡೆಯುತ್ತವೆ.

ಇದರಲ್ಲಿ ಮೊದಲು ಸೋಲುವುದು ಆ ಪುಟ್ಟ ಡೋಸಿಂಗ್ ಪಂಪು. ದ್ರಾವಣದ ಡಬ್ಬಿ ಖಾಲಿಯಾದರೂ ಘಟಕ ನಿಲ್ಲುವುದಿಲ್ಲ, ನೀರು ಬರುತ್ತಲೇ ಇರುತ್ತದೆ. ಹಾಗಾಗಿ ಯಾರೂ ಗಮನಿಸುವುದಿಲ್ಲ. ಇಲ್ಲಿನ ಗಡಸು ನೀರು ಕೆಲವೇ ತಿಂಗಳಲ್ಲಿ ಮೆಂಬ್ರೇನ್ ಮೇಲೆ ಸುಣ್ಣದ ಪದರ ಕಟ್ಟುತ್ತದೆ. ಎರಡು ಮೂರು ವರ್ಷ ಬಾಳಬೇಕಾದದ್ದು ವರ್ಷದೊಳಗೇ ಕೈಕೊಡುತ್ತದೆ. ಎರಡನೆಯದು ಮರಳಿನ ಫಿಲ್ಟರ್‌ನ ಬ್ಯಾಕ್‌ವಾಷ್. ದಿನಕ್ಕೊಮ್ಮೆ ಹತ್ತು ಹದಿನೈದು ನಿಮಿಷ ನೀರನ್ನು ಉಲ್ಟಾ ಹಾಯಿಸಿ ಕೆಸರು ಹೊರಹಾಕಬೇಕು. ಅದನ್ನು ಬಿಟ್ಟರೆ ಕೆಸರು ಕಾರ್ಟ್ರಿಡ್ಜ್‌ಗೆ, ಅಲ್ಲಿಂದ ಮೆಂಬ್ರೇನ್‌ಗೆ. ಕಾರ್ಟ್ರಿಡ್ಜ್‌ನ ಹಿಂದೆ ಮುಂದೆ ಇರುವ ಎರಡು ಪ್ರೆಷರ್ ಗೇಜ್‌ಗಳ ನಡುವೆ ಒಂದು ಕೆ.ಜಿ.ಯಷ್ಟು ಒತ್ತಡದ ವ್ಯತ್ಯಾಸ ಬಂತೆಂದರೆ ಬದಲಿಸುವ ಹೊತ್ತು. ಗೇಜಿನ ಗಾಜೇ ಒಡೆದಿದ್ದರೆ ಅದನ್ನು ಓದುವುದು ಹೇಗೆ? ಮೂರನೆಯದು ಕರೆಂಟು. ವೋಲ್ಟೇಜ್ ಬಿದ್ದಾಗ ಹೈಪ್ರೆಷರ್ ಮೋಟರ್ ಸುಡುತ್ತದೆ, ರಿವೈಂಡಿಂಗ್‌ಗೆ ಹೋದ ಮೋಟರ್ ವಾಪಸ್ ಬರುವವರೆಗೆ ಶೆಡ್‌ಗೆ ಬೀಗ.

ಲೆಕ್ಕ ಇನ್ನೂ ಕಷ್ಟದ್ದು. 150 ಮನೆಯ ಊರು, ಮನೆಗೆ ದಿನಕ್ಕೊಂದು ಕ್ಯಾನ್ ಎಂದಿಟ್ಟುಕೊಳ್ಳಿ. ಎರಡು ರೂಪಾಯಿ ದರದಲ್ಲಿ ತಿಂಗಳಿಗೆ 9,000 ರೂಪಾಯಿ, ಐದು ರೂಪಾಯಿಯಾದರೆ 22,500. ಇದರಲ್ಲಿ ಆಪರೇಟರ್ ಸಂಬಳ, ಕರೆಂಟ್ ಬಿಲ್, ಕಾರ್ಟ್ರಿಡ್ಜ್, ದ್ರಾವಣ ಎಲ್ಲವೂ ನಡೆಯಬೇಕು. ಮೆಂಬ್ರೇನ್ ಬದಲಿಸುವ ವರ್ಷ ಹತ್ತಾರು ಸಾವಿರ ಒಟ್ಟಿಗೆ ಬೇಕು. ತಿಂಗಳಿಗೆ ಎರಡು ಮೂರು ಸಾವಿರ ಎತ್ತಿಡದ ಘಟಕ ಆ ವರ್ಷ ನಿಂತೇ ಹೋಗುತ್ತದೆ. ಸಣ್ಣ ಊರಿನ ಘಟಕ ಅಷ್ಟನ್ನು ಎತ್ತಿಡಲಾರದು. ಹತ್ತಿಪ್ಪತ್ತು ಊರಿನ ಘಟಕಗಳಿಗೆ ಒಂದೇ ನಿರ್ವಹಣಾ ಖಾತೆ, ಒಬ್ಬ ತಿರುಗಾಡುವ ಮೆಕ್ಯಾನಿಕ್ ಇದ್ದರೆ ಲೆಕ್ಕ ಕೂಡುತ್ತದೆ. ಶೆಡ್ ಉದ್ಘಾಟನೆಗೆ ಸಿಗುವ ಫೋಟೊ ಮೆಕ್ಯಾನಿಕ್ ನೇಮಕಕ್ಕೆ ಸಿಗುವುದಿಲ್ಲ, ಅದು ಬೇರೆ ಮಾತು.

ಘಟಕದ ಗೋಡೆಯ ಮೇಲಿನ ಟಿಡಿಎಸ್ ಮೀಟರ್ ನೋಡಿ ‘ನೀರು ಚೆನ್ನಾಗಿದೆ’ ಅನ್ನುವುದು ರೂಢಿ. ಟಿಡಿಎಸ್ ಅಂದರೆ ಕರಗಿದ ಲವಣಗಳ ಒಟ್ಟು ಮೊತ್ತ. ಮೆಂಬ್ರೇನ್ ಹಾಳಾಗಿದೆಯೇ ಎಂಬ ಸುಳಿವು ಅದರಿಂದ ಸಿಗುತ್ತದೆ, ಫ್ಲೋರೈಡ್ ಎಷ್ಟು ಎನ್ನುವುದು ಸಿಗುವುದಿಲ್ಲ. ಅದಕ್ಕೆ ಬಣ್ಣ ಬದಲಿಸುವ ಪರೀಕ್ಷಾ ಕಿಟ್ ಬೇಕು. ಗುಲಾಬಿ ಬಣ್ಣ ಹಳದಿ ಕಡೆಗೆ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು. ಬೋರ್ ನೀರು, ಕ್ಯಾನ್ ನೀರು ಎರಡನ್ನೂ ತಿಂಗಳಿಗೊಮ್ಮೆ ಪಕ್ಕಪಕ್ಕದಲ್ಲೇ ಪರೀಕ್ಷಿಸಿ ಬೋರ್ಡ್ ಮೇಲೆ ಬರೆದರೆ ಯಾರು ಬೇಕಾದರೂ ಓದಬಹುದು.

ಇನ್ನು ವೇಸ್ಟ್ ನೀರು. ಅರ್ಧಕ್ಕರ್ಧ ಲೆಕ್ಕ ಹಿಡಿದರೂ 3,000 ಲೀಟರ್ ಕ್ಯಾನಿಗೆ ಹೋದರೆ ಇನ್ನೊಂದು 3,000 ಲೀಟರ್ ಚರಂಡಿಗೆ. ಬೋರ್ ನೀರಿನಲ್ಲಿ 3 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಚರಂಡಿಗೆ ಬೀಳುವುದರಲ್ಲಿ 6ರ ಹತ್ತಿರ. ಅದು ಘಟಕದ ಹಿಂದೆಯೇ ಇಂಗಿ ಅದೇ ಬೋರ್‌ನ ಕಡೆ ಹೋಗುತ್ತದೆ, ಇಲ್ಲವೇ ದನ ಕುಡಿಯುವ ತೊಟ್ಟಿಗೆ. ತೊಟ್ಟಿಗೆ ಬಿಡಲೇಬಾರದು, ದನಗಳಿಗೂ ಇದೇ ಕಾಯಿಲೆ ಬರುತ್ತದೆ. ಶೌಚಾಲಯಕ್ಕೆ, ಗಾಡಿ ತೊಳೆಯಲು, ಸಿಮೆಂಟ್ ಕೆಲಸಕ್ಕೆ ಪ್ರತ್ಯೇಕ ಟ್ಯಾಂಕಿನಲ್ಲಿ ಹಿಡಿದಿಟ್ಟರೆ ಅಷ್ಟಾದರೂ ಉಪಯೋಗ.

ಇಷ್ಟೆಲ್ಲ ಸರಿಯಾಗಿ ನಡೆದರೂ ಒಂದು ತೂತು ಉಳಿಯುತ್ತದೆ. ಒಂದು ಕ್ಯಾನ್ ಕುಡಿಯುವುದಕ್ಕೆ ಮಾತ್ರ ಸಾಲುತ್ತದೆ. ಮುದ್ದೆಗೆ ಎಸರಿಡುವುದು, ಬೇಳೆ ಬೇಯಿಸುವುದು, ಕಾಫಿ ಕಾಯಿಸುವುದು ನಲ್ಲಿ ನೀರಿನಲ್ಲೇ. ಕುಡಿಯಲು ಮತ್ತು ಅಡುಗೆಗೆ ಸೇರಿ ತಲೆಗೆ 8ರಿಂದ 10 ಲೀಟರ್ ಬೇಕು. ಐದು ಜನರ ಮನೆಗೆ ಎರಡು ಕ್ಯಾನ್ ಬಂದರಷ್ಟೇ ಪ್ರಯೋಜನ. 2019ರಲ್ಲಿ ಶುರುವಾದ ಜಲಜೀವನ ಮಿಷನ್ ತಲೆಗೆ 55 ಲೀಟರ್‌ನಂತೆ ಮನೆಮನೆಗೆ ನಲ್ಲಿ ಕೊಟ್ಟಿತು. ಹೆಂಗಸರ ಸೊಂಟದ ಭಾರ ಇಳಿಯಿತು, ಅದು ಸಣ್ಣ ಮಾತಲ್ಲ. ಆದರೆ ಪೈಪಿನ ಇನ್ನೊಂದು ತುದಿ ಇರುವುದು ಅದೇ ಬೋರ್‌ವೆಲ್‌ನಲ್ಲಿ.

ಹೊರಗಿನ ನೀರಿನ ಆಸೆ ಇದಕ್ಕೆ ಸಮಾನಾಂತರವಾಗಿ ಬೆಳೆಯಿತು. ಪಶ್ಚಿಮಕ್ಕೆ ಹರಿಯುವ ಹೊಳೆಗಳ ನೀರನ್ನು ಇತ್ತ ತಿರುಗಿಸಬೇಕೆಂದ ಪರಮಶಿವಯ್ಯ ವರದಿ ಜಾರಿಗೆ ಒತ್ತಾಯಿಸಿ ವರ್ಷಗಟ್ಟಲೆ ಧರಣಿ ನಡೆದವು. 2014ರಲ್ಲಿ ಮುದ್ದೇನಹಳ್ಳಿಯಲ್ಲಿ ಎತ್ತಿನಹೊಳೆಗೆ ಶಂಕುಸ್ಥಾಪನೆಯಾಯಿತು. ಲೆಕ್ಕದಲ್ಲಿರುವುದು 24 ಟಿಎಂಸಿ. ಮೊದಲ ಹಂತಕ್ಕೆ ಸಕಲೇಶಪುರದಲ್ಲಿ ಚಾಲನೆ ಸಿಕ್ಕಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ 2018ರಲ್ಲಿ ಬೆಂಗಳೂರಿನ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿಯ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆ ತಲುಪಿತು. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆಗಳಿಗೆ ಎಂಬ ಯೋಜನೆ. ಚಿಕ್ಕಬಳ್ಳಾಪುರ ಭಾಗಕ್ಕೆ ಎಚ್.ಎನ್. (ಹೆಬ್ಬಾಳ–ನಾಗವಾರ) ವ್ಯಾಲಿಯಿಂದ 210. ನೊರೆ ಕಾಣಿಸಿತು, ವಿವಾದ ಹೈಕೋರ್ಟ್‌, ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಬಂತು. ಬತ್ತಿದ ಬೋರ್‌ಗಳಲ್ಲಿ ನೀರು ಕಂಡಿದ್ದೂ ನಿಜ, ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಕೂಗು ನಿಲ್ಲದಿರುವುದೂ ನಿಜ. ಅದು ಅಂತರ್ಜಲ ಮರುಪೂರಣದ ಯೋಜನೆ, ಕುಡಿಯುವ ನೀರಿನದಲ್ಲ. ಎರಡನ್ನೂ ಬೆರೆಸಿ ವಾದ ಮಾಡಿದ್ದರಿಂದಲೇ ಗೊಂದಲ ಹೆಚ್ಚಿತು. ಯರಗೋಳ್ ಅಣೆಕಟ್ಟೆಯ ನೀರು ಕೋಲಾರ, ಬಂಗಾರಪೇಟೆ, ಮಾಲೂರು ಪಟ್ಟಣಗಳಿಗೆಂದು.

ಈ ಸದ್ದಿನಲ್ಲಿ ಕೇಳಿಸದೇ ಹೋದದ್ದು ಸೂರಿನ ನೀರು. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆಂದೇ ಹೇಳಬಹುದು. 30 ಚದರ ಮೀಟರ್ ತಾರಸಿಯ ಮೇಲೆ 700 ಮಿಲಿಮೀಟರ್ ಮಳೆ ಬಿದ್ದು ಶೇ 80 ಕೈಗೆ ಸಿಕ್ಕಿದರೆ 16,800 ಲೀಟರ್. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 40 ಲೀಟರ್ ಹಿಡಿದರೆ ವರ್ಷಕ್ಕೆ 14,600. ಮಳೆಯಿಲ್ಲದ ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ 150 ದಿನ ದಾಟಲು 6,000 ಲೀಟರ್ ತೊಟ್ಟಿ ಸಾಕು. ಬರಗಾಲದ ವರ್ಷ ಅದು ತುಂಬದಿರಬಹುದು, ಆಗ ಕ್ಯಾನ್ ಇದ್ದೇ ಇದೆ. 2006ರ ಸುಮಾರಿಗೆ ಸರ್ಕಾರಿ ಶಾಲೆಗಳಿಗೆಂದು ಬಂದ ಸುವರ್ಣಜಲ ಯೋಜನೆಯ ತಿರುಳು ಇದೇ. ತೊಟ್ಟಿ ಕಟ್ಟಿದ್ದಾಯಿತು. ತಾರಸಿ ಗುಡಿಸುವುದು, ಮೊದಲ ಒಂದೆರಡು ಮಳೆಯ ನೀರನ್ನು ಹೊರಗೆ ಬಿಡುವುದು, ಜಲ್ಲಿ-ಇದ್ದಿಲು-ಮರಳಿನ ಡ್ರಮ್ಮನ್ನು ವರ್ಷಕ್ಕೊಮ್ಮೆ ತೊಳೆಯುವುದು, ಸೊಳ್ಳೆ ನುಗ್ಗದಂತೆ ಬಾಯಿಗೆ ಜಾಲರಿ ಕಟ್ಟುವುದು ಯಾರ ಕೆಲಸ ಎನ್ನುವುದು ಶಾಲೆಯಲ್ಲಿ ಇತ್ಯರ್ಥವಾಗಲಿಲ್ಲ. ಮನೆಯಲ್ಲಾದರೆ ಅದು ಮನೆಯವರದೇ. ತೊಟ್ಟಿಗೆ ಬೆಳಕು ಬೀಳದಿದ್ದರೆ ಪಾಚಿ ಕಟ್ಟುವುದಿಲ್ಲ, ಬೇಸಿಗೆವರೆಗೂ ನೀರು ಕೆಡುವುದಿಲ್ಲ. ಕುಡಿಯುವುದಕ್ಕೆ ಹಿಂಜರಿಯುವವರು ಕಾಯಿಸಿ ಆರಿಸಬಹುದು. ಮುದ್ದೆಯ ಎಸರು ಹೇಗೂ ಕುದಿಯುವುದೇ. ಅಡುಗೆಗೆ ಮಳೆನೀರು, ಕುಡಿಯಲು ಒಂದು ಕ್ಯಾನ್ ಎಂದು ಹಂಚಿಕೊಂಡರೂ ಆ ಉಳಿದ ತೂತು ಮುಚ್ಚುತ್ತದೆ. ತೊಟ್ಟಿ ಕಟ್ಟುವವರು ಮೇ ತಿಂಗಳ ಮೊದಲ ಮಳೆಗೆ ಮುಂಚೆ ಪೈಪು ಜೋಡಿಸಿಕೊಂಡಿರಬೇಕು.